ಬಿರುಮಳೆ ಮತ್ತು ಬೆಂಗಳೂರಿನ ಹಳೆಯ ಕಚೇರಿಗಳು

ಬೆಂಗಳೂರಿನ ಬಿರುಮಳೆಗೆ ಎರಡು ಹಂಗಾಮು. ಒಂದು ಏಪ್ರಿಲ್ ನಡುವಿನಿಂದ ಜೂನ್ ಮೊದಲ ವಾರದವರೆಗಿನದು. ರೈತರ ಲೆಕ್ಕದಲ್ಲಿ ಅದು ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಮಳೆಗಳ ಕಾಲ. ಇನ್ನೊಂದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳದು. ಮೊದಲನೆಯದರಲ್ಲಿ ಗಾಳಿ, ಸಿಡಿಲು, ಆಲಿಕಲ್ಲಿನ ಆರ್ಭಟ ಹೆಚ್ಚು; ಎರಡನೆಯದರಲ್ಲಿ ನೀರು ಹೆಚ್ಚು. ಈ ಎರಡಕ್ಕೂ ನೂರೈವತ್ತು ವರ್ಷದಿಂದ ಮೈಯೊಡ್ಡಿಕೊಂಡು ಬಂದ ಕಚೇರಿ ಕಟ್ಟಡಗಳು ಊರಿನ ನಡುವೆ ಇಂದಿಗೂ ಬಳಕೆಯಲ್ಲಿವೆ. ಹೊರವಲಯದ ಮಾಕಳಿ, ಮಾದಾವರ, ಪೀಣ್ಯದ ಶೀಟಿನ ಶೆಡ್ಡುಗಳಿಗೂ ವೈಟ್‌ಫೀಲ್ಡಿನ ಗಾಜಿನ ಗೋಪುರಗಳಿಗೂ ಬೀಳುವುದು ಅದೇ ಮಳೆ. ಆದರೆ ಹೊಡೆತ ತಗಲುವ ಜಾಗ ಒಂದೊಂದರಲ್ಲೂ ಬೇರೆ.

ಬೇಸಗೆಯ ಬಿರುಮಳೆ ಹುಟ್ಟುವ ಬಗೆ ಹೀಗೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ದಿಣ್ಣೆಯ ಮೇಲಿದೆ. ಏಪ್ರಿಲ್, ಮೇ ತಿಂಗಳಲ್ಲಿ ನೆಲ ಮಧ್ಯಾಹ್ನದ ಹೊತ್ತಿಗೆ ಚೆನ್ನಾಗಿ ಕಾದಿರುತ್ತದೆ. 2016ರ ಏಪ್ರಿಲಿನಲ್ಲಿ ಉಷ್ಣಾಂಶ 39.2 ಡಿಗ್ರಿ ಸೆಲ್ಸಿಯಸ್ ಮುಟ್ಟಿದ್ದು ಇದೇ ಕಾಲದಲ್ಲಿ. ಅರಬ್ಬಿ ಸಮುದ್ರ ಮತ್ತು ಬಂಗಾಳ ಕೊಲ್ಲಿ ಎರಡೂ ಕಡೆಯ ತೇವದ ಗಾಳಿ ಒಳನಾಡಿನ ಮೇಲೆ ಸಂಧಿಸಿದಾಗ, ಕಾದ ಗಾಳಿ ಅದನ್ನು ಹೊತ್ತು ಮೇಲೇರಿ ಸಂಜೆಯೊಳಗೆ ಕಡುಗಪ್ಪು ಮೋಡ ಕಟ್ಟುತ್ತದೆ. ಹನಿ ಬೀಳತೊಡಗಿದೊಡನೆ ಮೋಡದೊಳಗಿನ ಗಾಳಿ ತಣ್ಣಗಾಗಿ, ಭಾರವಾಗಿ, ನೇರ ಕೆಳಕ್ಕೆ ಕುಸಿಯುತ್ತದೆ; ನೆಲಕ್ಕೆ ಬಡಿದು ನಾಲ್ಕೂ ದಿಕ್ಕಿಗೆ ಚಿಮ್ಮುತ್ತದೆ. ಮಳೆಗೆ ಐದು ನಿಮಿಷ ಮುಂಚೆ ಧೂಳೆಬ್ಬಿಸಿಕೊಂಡು ನುಗ್ಗುವ ತಣ್ಣನೆ ಗಾಳಿ ಇದೇ. ಕರಾವಳಿಯ ಚಂಡಮಾರುತದಂತೆ ದಿನಗಟ್ಟಲೆ ಮುನ್ಸೂಚನೆ ಇದಕ್ಕಿಲ್ಲ. ಬರುವುದು ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆ. ರಾಜಾಜಿನಗರದಲ್ಲಿ ಸುರಿದದ್ದು ಜಯನಗರಕ್ಕೆ ಗೊತ್ತೇ ಆಗದಿರಬಹುದು.

ಈ ಮಳೆಯ ಲೆಕ್ಕ ಇಡುವ ಕಚೇರಿಗೂ ಇತಿಹಾಸವಿದೆ. ಸೆಂಟ್ರಲ್ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಜಾನ್ ಕುಕ್ 1890ರ ದಶಕದ ಆರಂಭದಲ್ಲಿ ಮೈಸೂರು ಸಂಸ್ಥಾನದ ಹವಾಮಾನ ಕೆಲಸಕ್ಕೆ ತಳಹದಿ ಹಾಕಿದರು. ಅದರ ಮುಂದುವರಿಕೆಯಾದ ಹವಾಮಾನ ಕೇಂದ್ರ ಅರಮನೆ ರಸ್ತೆಯಲ್ಲಿದೆ. ಅಷ್ಟು ಹಳೆಯ ದಾಖಲೆ ಕೈಯಲ್ಲಿರುವುದರಿಂದಲೇ 2024ರ ಜೂನ್ 2ರಂದು ನಗರದಲ್ಲಿ ಸುರಿದ 111.1 ಮಿ.ಮೀ. ಮಳೆ 133 ವರ್ಷದ ದಾಖಲೆ ಮುರಿಯಿತು ಎಂದು ಹೇಳಲು ಸಾಧ್ಯವಾಯಿತು. ಅದಕ್ಕೆ ಮೊದಲು ಜೂನ್ ತಿಂಗಳ ಒಂದೇ ದಿನದ ಗರಿಷ್ಠ ಮಳೆ 1891ರ ಜೂನ್ 16ರ 101.6 ಮಿ.ಮೀ. ಎರಡನೆಯ ಹಂಗಾಮಿನ ಮಳೆ ಇನ್ನೂ ದೊಡ್ಡದು: 1988ರ ಸೆಪ್ಟೆಂಬರ್ 12ರಂದು 177.6 ಮಿ.ಮೀ., 1997ರ ಅಕ್ಟೋಬರ್ 1ರಂದು 178.9 ಮಿ.ಮೀ. ಹವಾಮಾನ ಇಲಾಖೆಯ ವರ್ಗೀಕರಣದಲ್ಲಿ 24 ಗಂಟೆಯಲ್ಲಿ 64.5 ಮಿ.ಮೀ. ಮುಟ್ಟಿದರೆ ‘ಭಾರೀ’, 115.6 ದಾಟಿದರೆ ‘ಅತಿ ಭಾರೀ’ ಮಳೆ.

ಮಳೆಗೆ ಸಿಕ್ಕುವ ಹಳೆಯ ಕಚೇರಿಗಳಲ್ಲಿ ಹಿರಿಯದು ಕಬ್ಬನ್ ಪಾರ್ಕಿನ ಅಂಚಿನ ಅಠಾರಾ ಕಚೇರಿ. 1831ರ ನಂತರ ಬ್ರಿಟಿಷ್ ಕಮಿಷನರ್ ಆಡಳಿತದ ಕಚೇರಿಗಳು ಕೋಟೆಯ ಟಿಪ್ಪು ಅರಮನೆಯಲ್ಲಿ ನಡೆಯುತ್ತಿದ್ದವು. ಮರದ ಕಂಬ, ಮರದ ಅಟ್ಟದ ಆ ಅರಮನೆ ಕಡತಗಳ ಭಾರಕ್ಕೆ ಕಟ್ಟಿದ್ದಲ್ಲ. 1864ರಲ್ಲಿ ಹೊಸ ಕಟ್ಟಡದ ಕೆಲಸ ಶುರುವಾಗಿ, ಎಂಜಿನಿಯರ್ ರಿಚರ್ಡ್ ಸ್ಯಾಂಕಿಯ ಯೋಜನೆಯಂತೆ 1868ರಲ್ಲಿ ಮುಗಿಯಿತು. ಸರ್ಕಾರದ ಹದಿನೆಂಟು ಇಲಾಖೆಗಳು ಅಲ್ಲಿಗೆ ಬಂದವು. ಈಗ ಅದು ಹೈಕೋರ್ಟ್. ಎದುರಿನ ವಿಧಾನಸೌಧಕ್ಕೆ ಜವಾಹರಲಾಲ್ ನೆಹರೂ 1951ರ ಜುಲೈ 13ರಂದು ಅಡಿಗಲ್ಲು ಹಾಕಿದರು. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರ ಹಟ ಮತ್ತು ಮುಖ್ಯ ಎಂಜಿನಿಯರ್ ಬಿ.ಆರ್. ಮಾಣಿಕ್ಯಂ ಅವರ ಕೈಚಳಕದಿಂದ 1956ರಲ್ಲಿ ಎದ್ದು ನಿಂತಿತು. ಅದರ ಬೂದುಗಲ್ಲು ಬಂದದ್ದು ಮಲ್ಲಸಂದ್ರ, ಹೆಸರಘಟ್ಟ ಸುತ್ತಿನ ಬಂಡೆಗಳಿಂದ, ಅಂದರೆ ಇವತ್ತಿನ ಮಾಕಳಿ, ಪೀಣ್ಯ ಕೈಗಾರಿಕಾ ಪಟ್ಟಿಯ ನೆರೆಯಿಂದ. ಮಹಾತ್ಮ ಗಾಂಧಿ ರಸ್ತೆಯ ಮೇಯೋ ಹಾಲ್ (1883), ಶೇಷಾದ್ರಿ ಅಯ್ಯರ್ ಸ್ಮಾರಕ ಭವನ (1915), ಪುಟ್ಟಣ್ಣಚೆಟ್ಟಿ ಪುರಭವನ (1935) ಇವೂ ಇದೇ ಸಾಲಿನವು.

ಇಂಥ ಕಟ್ಟಡಗಳನ್ನು ಗಾಳಿ ಕೆಡವುವುದಿಲ್ಲ. ಕಟ್ಟಡಗಳ ಮೇಲಿನ ಗಾಳಿಯ ಹೊರೆ ಕುರಿತ ಭಾರತೀಯ ಮಾನಕ ಐಎಸ್ 875ರ ಮೂರನೆಯ ಭಾಗ ದೇಶವನ್ನು ಗಾಳಿಯ ವೇಗದ ವಲಯಗಳಾಗಿ ವಿಂಗಡಿಸಿದೆ. ಬೆಂಗಳೂರಿಗೆ ಕೊಟ್ಟಿರುವುದು ಅತಿ ಕಡಿಮೆ ವೇಗ, ಸೆಕೆಂಡಿಗೆ 33 ಮೀಟರ್. ಗಂಟೆಗೆ ಸುಮಾರು 119 ಕಿ.ಮೀ. ಅಷ್ಟು ವೇಗದ ಗಾಳಿ ಒಂದು ಚದರ ಮೀಟರಿನ ಮೇಲೆ ಹಾಕುವ ಒತ್ತಡ ಸುಮಾರು 66 ಕಿಲೋ ತೂಕಕ್ಕೆ ಸಮ. ಚಾವಣಿಯ ಮೇಲೆ ಅದು ಬಹುಪಾಲು ಮೇಲಕ್ಕೆ ಎಳೆಯುವ ಬಲ. ಅಂಚು, ಮೂಲೆಗಳಲ್ಲಿ ಇನ್ನೂ ಜೋರು. ಕೈಗಾರಿಕಾ ಶೆಡ್ಡಿನ ತಗಡಿನ ಶೀಟು ಚದರ ಮೀಟರಿಗೆ ಐದಾರು ಕಿಲೋ ತೂಗುತ್ತದೆ. ಅದನ್ನು ಹಿಡಿದಿರುವುದು ತೂಕವಲ್ಲ, ಕೊಕ್ಕೆ ಬೋಲ್ಟು. ಬೋಲ್ಟಿನ ವಾಷರ್ ಹೋಗಿ ತೂತು ಅಗಲವಾದರೆ ಇದರ ಅರ್ಧ ವೇಗದ ಗಾಳಿಗೂ ಶೀಟು ಹಾರುತ್ತದೆ; ತುಮಕೂರು ರಸ್ತೆಯ ಇಕ್ಕೆಲದ ಗೋದಾಮುಗಳವರಿಗೆ ಇದು ಹೇಳಿಕೊಡಬೇಕಾದ ಮಾತಲ್ಲ. ಇಟ್ಟಿಗೆ, ಗಾರೆಯ ಹಳೆಯ ತಾರಸಿಯಾದರೋ ಚದರ ಮೀಟರಿಗೆ ಮುನ್ನೂರು ಕಿಲೋ ಮೀರುತ್ತದೆ. ಎರಡಡಿ ದಪ್ಪದ ಗೋಡೆ ಅದನ್ನು ಹೊತ್ತಿರುತ್ತದೆ. ಗಾಳಿಗೆ ಅಲ್ಲಿ ಕೆಲಸವಿಲ್ಲ. ಗಾಜಿನ ಹೊದಿಕೆಯ ಎತ್ತರದ ಕಟ್ಟಡಗಳ ಪಾಡು ಬೇರೆ: ಅಮೆರಿಕದ ಹ್ಯೂಸ್ಟನ್ ನಗರದಲ್ಲಿ 2024ರ ಮೇ 16ರ ಬಿರುಗಾಳಿ ನಡುಪೇಟೆಯ ಗೋಪುರಗಳ ಕಿಟಕಿ ಗಾಜುಗಳನ್ನು ಸಾಲುಸಾಲಾಗಿ ಒಡೆದು ಬೀದಿಗೆ ಸುರಿಯಿತು.

ಹಳೆಯ ಕಚೇರಿಗಳಲ್ಲಿ ಗಾಳಿಗೆ ಸಿಕ್ಕುವುದು ಆಮೇಲೆ ಸೇರಿಸಿದ ಭಾಗಗಳು. ಸೋರುವ ತಾರಸಿಗೆ ಸುಲಭದ ಉಪಾಯವೆಂದು ಮೇಲೆ ನಿಲ್ಲಿಸಿದ ಶೀಟಿನ ಚಪ್ಪರ, ಕೈಪಿಡಿಗೋಡೆಗೆ ಬಿಗಿದ ಎ.ಸಿ. ಪೆಟ್ಟಿಗೆ, ನೀರಿನ ಟ್ಯಾಂಕು, ಕೇಬಲ್ಲಿನ ಗೊಂಚಲು. ಅವು ಹಾರಿದರೆ ಒಂಟಿಯಾಗಿ ಹಾರುವುದಿಲ್ಲ. ಮೊಳೆ ಹೊಡೆದ ಕಡೆಯ ಗಾರೆ, ಇಟ್ಟಿಗೆಯನ್ನೂ ಕಿತ್ತುಕೊಂಡು ಹೋಗುತ್ತವೆ.

ಗಾಳಿಯ ನಿಜವಾದ ಆಯುಧ ಮರ. ಈ ಕಟ್ಟಡಗಳ ಸುತ್ತ ಮಳೆಮರ, ಗುಲ್‌ಮೊಹರ್, ಪೆಲ್ಟೋಫೋರಂ, ತಬೂಬಿಯಾ ಮರಗಳು ದಟ್ಟವಾಗಿವೆ. ಕಬ್ಬನ್ ಪಾರ್ಕನ್ನು 1870ರಲ್ಲಿ ರೂಪಿಸಿದವರು ಇದೇ ಸ್ಯಾಂಕಿ; ಮುಂದೆ ಜರ್ಮನಿಯ ತೋಟಗಾರಿಕಾ ತಜ್ಞ ಜಿ.ಎಚ್. ಕ್ರುಂಬಿಗಲ್ ಊರಿನ ಬೀದಿಗಳಿಗೆ ಸರದಿಯಲ್ಲಿ ಹೂಬಿಡುವ ಮರಗಳನ್ನು ಆರಿಸಿ ನೆಡಿಸಿದರು. ಊರಿನ ಚೆಲುವಿಗೆ ಇವರಿಬ್ಬರ ಋಣ ದೊಡ್ಡದು. ಆದರೆ ಗುಲ್‌ಮೊಹರಿನಂಥ ಮರದ ಬೇರು ಆಳಕ್ಕಿಂತ ಅಗಲಕ್ಕೆ ಹರಡುತ್ತದೆ. ಚರಂಡಿ, ಕೇಬಲ್, ಕಾಂಕ್ರೀಟ್ ರಸ್ತೆಗಾಗಿ ಒಂದು ಬದಿಯ ಬೇರು ಕಡಿದು, ಬುಡದವರೆಗೂ ಕಾಂಕ್ರೀಟ್ ಬಳಿದ ಮೇಲೆ ಮರ ನಿಂತಿರುವುದು ಮಣ್ಣು ಗಟ್ಟಿಯಿರುವವರೆಗೆ ಮಾತ್ರ. ಮೊದಲ ಅರ್ಧ ಗಂಟೆಯ ಮಳೆ ಮಣ್ಣನ್ನು ಕೆಸರು ಮಾಡುತ್ತದೆ, ನಂತರದ ಒಂದು ಬೀಸು ಬುಡಮೇಲು ಮಾಡುತ್ತದೆ. 2024ರ ಜೂನ್ 2ರ ಸಂಜೆ ನೂರಾರು ಮರ, ಕೊಂಬೆಗಳು ಉರುಳಿದವು. ಮಹಾತ್ಮ ಗಾಂಧಿ ರಸ್ತೆ ಮತ್ತು ಟ್ರಿನಿಟಿ ನಿಲ್ದಾಣಗಳ ನಡುವೆ ಹಳಿಯ ಮೇಲೆ ಮರ ಬಿದ್ದು ನೇರಳೆ ಮಾರ್ಗದ ಮೆಟ್ರೊ ಸಂಚಾರಕ್ಕೆ ಅಡ್ಡಿಯಾಯಿತು. ಗೋಡೆ ಎರಡಡಿ ದಪ್ಪವಿದ್ದರೂ ಟನ್ನುಗಟ್ಟಲೆ ತೂಕದ ಕೊಂಬೆ ಹೆಂಚಿನ ಮಾಡಿನ ಮೇಲೆ ಬಿದ್ದರೆ ಉಳಿಗಾಲವಿಲ್ಲ.

ಇಷ್ಟಾದರೂ ಹಳೆಯ ಕಚೇರಿಗಳ ಮುಖ್ಯ ಶತ್ರು ಮರವಲ್ಲ, ಹೊರಗೆ ಹೋಗದೆ ನಿಂತ ನೀರು. ಇದನ್ನು ತಿಳಿಯಲು ಹಳೆಯ ತಾರಸಿಯನ್ನು ಹತ್ತಿರದಿಂದ ನೋಡಬೇಕು. ಹತ್ತೊಂಬತ್ತನೆಯ ಶತಮಾನದ ಬೆಂಗಳೂರಿನ ಕಟ್ಟಡಗಳಲ್ಲಿ ಮಂಗಳೂರು ಹೆಂಚಿನ ಇಳಿಜಾರು ಮಾಡಿನಷ್ಟೇ ಹೆಚ್ಚಾಗಿ ಕಾಣುವುದು ‘ಮದ್ರಾಸ್ ಟೆರೇಸ್’. ಗೋಡೆಯಿಂದ ಗೋಡೆಗೆ ತೇಗದ ತೊಲೆಗಳು. ತೊಲೆಗಳ ಮೇಲೆ ತೆಳ್ಳನೆಯ ಪುಟ್ಟ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಓರೆಯಾಗಿ, ಸುಣ್ಣದ ಗಾರೆಯಲ್ಲಿ ಕೂರಿಸುತ್ತಾರೆ. ಅದರ ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣ ಕಲಸಿದ ದಪ್ಪ ಹಾಸು. ಈ ಹಾಸನ್ನು ಹಲವು ದಿನ ಮರದ ಕೊಡತಿಯಿಂದ ಬಡಿಯಬೇಕು. ಬಡಿದಂತೆ ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಚಿಮುಕಿಸಬೇಕು. ಕೊನೆಗೆ ಚಪ್ಪಟೆ ಬಿಲ್ಲೆಗಳನ್ನು ಹಾಸಿ, ನೀರು ಹರಿಯುವಷ್ಟು ವಾಟ ಕೊಟ್ಟು, ಸಂದುಗಳನ್ನು ನಯಗಾರೆಯಿಂದ ಮುಚ್ಚುತ್ತಾರೆ. ಗೋಡೆಯಂಚಿನ ದೋಣಿಗಳ ಮೂಲಕ ನೀರು ಹೊರಕ್ಕೆ.

ಸುಣ್ಣದ ಗಾರೆ ಪೂರ್ತಿ ನೀರು ತಡೆಯುವ ವಸ್ತುವಲ್ಲ. ಮಳೆಗೆ ಸ್ವಲ್ಪ ನೀರು ಹೀರುತ್ತದೆ, ಬಿಸಿಲು ಬಂದಾಗ ಬಿಟ್ಟುಕೊಡುತ್ತದೆ. ಸಣ್ಣ ಬಿರುಕು ಬಿದ್ದರೆ ಕರಗಿದ ಸುಣ್ಣವೇ ಅಲ್ಲಿ ಮತ್ತೆ ಗಟ್ಟಿಯಾಗಿ ಬಿರುಕನ್ನು ಮುಚ್ಚುವುದೂ ಉಂಟು. ಕಟ್ಟಡ ಉಸಿರಾಡುವ ಈ ಕ್ರಮಕ್ಕೆ ಒಂದೇ ಷರತ್ತು: ನೀರು ಬಂದ ದಾರಿಯಲ್ಲಿ ಹೋಗುತ್ತಿರಬೇಕು, ನಿಲ್ಲಬಾರದು.

ನಿಲ್ಲುವುದು ಹೇಗೆಂದರೆ, ಮಾರ್ಚ್ ತಿಂಗಳಲ್ಲಿ ಮಳೆಮರದ ಸಣ್ಣ ಎಲೆಗಳು, ಅಂಟುಗಾಯಿಗಳು ಉದುರಿ ತಾರಸಿಯ ಮೂಲೆ ಸೇರುತ್ತವೆ. ಪಾರಿವಾಳದ ಹಿಕ್ಕೆ, ಗರಿ ಜೊತೆಗೂಡಿ ದೋಣಿಯ ಬಾಯಿಗೆ ಬಿರಡೆಯಾಗುತ್ತವೆ. ಅಶ್ವಿನಿ ಮಳೆ ಬಿದ್ದಾಗ ತಾರಸಿ ಕೆರೆಯಾಗುತ್ತದೆ. ಹತ್ತು ಸಾವಿರ ಚದರಡಿ ತಾರಸಿಯ ಮೇಲೆ 111 ಮಿ.ಮೀ. ಮಳೆ ಸುರಿದರೆ ಅದು ಒಂದು ಲಕ್ಷ ಲೀಟರಿಗೂ ಹೆಚ್ಚು ನೀರು, ಹನ್ನೆರಡು ಸಾವಿರ ಲೀಟರಿನ ಎಂಟು ಟ್ಯಾಂಕರಿಗೂ ಮಿಗಿಲು. ಅದು ಗಂಟೆ ಎರಡು ಗಂಟೆಯಲ್ಲಿ ನಾಲ್ಕಾರು ದೋಣಿಗಳಿಂದ ಇಳಿದುಹೋಗಬೇಕು. ಅರ್ಧದಷ್ಟು ದೋಣಿ ಕಟ್ಟಿಕೊಂಡಿದ್ದರೆ ನೀರು ಬೇರೆ ದಾರಿ ಹುಡುಕುತ್ತದೆ. ಆ ದಾರಿ ಸಾಮಾನ್ಯವಾಗಿ ತೊಲೆಯ ತುದಿ ಗೋಡೆಯೊಳಗೆ ಕೂತ ಜಾಗ. ಹೊರಗೆ ಏನೂ ಕಾಣುವುದಿಲ್ಲ. ಒಳಗೆ ತೇಗದ ತುದಿ ವರ್ಷ ವರ್ಷ ಮೆತ್ತಗಾಗುತ್ತ, ಒಂದು ದಿನ ಭಾರ ತಡೆಯದೆ ಕೂರುತ್ತದೆ. ಮರುದಿನ ಪತ್ರಿಕೆಯಲ್ಲಿ ‘ಮಳೆಗೆ ಕಟ್ಟಡ ಕುಸಿತ’ ಎಂದಿರುತ್ತದೆ. ಕೆಡವಿದ್ದು ಆ ದಿನದ ಮಳೆಯಲ್ಲ, ಹತ್ತು ವರ್ಷ ಬಳಿಯದ ಎಲೆಕಸ.

ಪಾರಿವಾಳ, ಕಾಗೆಗಳು ತರುವ ಇನ್ನೊಂದು ಆಪತ್ತು ಅರಳಿ, ಆಲದ ಬೀಜ. ಗಾರೆಯ ಸಂದಿನಲ್ಲಿ ಒಂದಿಷ್ಟು ತೇವ ಸಿಕ್ಕರೆ ಮೊಳೆಯುತ್ತವೆ. ಎರಡೆಲೆಯ ಸಸಿಯಾಗಿದ್ದಾಗ ಕೈಯಲ್ಲೇ ಕೀಳಬಹುದು. ಎರಡು ಮಳೆಗಾಲ ಕಳೆದರೆ ಬೇರು ಗೋಡೆಯ ಒಡಲು ಸೇರಿರುತ್ತದೆ. ಮೇಲೆ ಕತ್ತರಿಸಿದಷ್ಟೂ ಒಳಗೆ ದಪ್ಪವಾಗುತ್ತದೆ, ಆ ಬಿರುಕಿನಿಂದ ಮುಂದಿನ ಮಳೆ ಸಲೀಸಾಗಿ ಇಳಿಯುತ್ತದೆ.

ದುರಸ್ತಿಯ ಹೆಸರಿನ ತಪ್ಪು ಇವೆರಡಕ್ಕಿಂತ ಕೆಟ್ಟದ್ದು. ಸುಣ್ಣದ ಗೋಡೆಗೆ ಸಿಮೆಂಟ್ ಬಳಿದು, ಮೇಲೆ ಪ್ಲಾಸ್ಟಿಕ್ ಬಣ್ಣ ಹೊಡೆದರೆ ಮೊದಲ ಎರಡು ವರ್ಷ ಕಟ್ಟಡ ಹೊಸದರಂತೆ ಕಾಣುತ್ತದೆ. ಆದರೆ ಸಿಮೆಂಟು ಬಿರುಸು, ಸುಣ್ಣದ ಗೋಡೆ ಮೆದು. ಬಿಸಿಲಿಗೆ ಎರಡೂ ಬೇರೆ ಬೇರೆ ಅಳತೆಯಲ್ಲಿ ಹಿಗ್ಗಿ, ನಡುವೆ ಕೂದಲೆಳೆಯ ಬಿರುಕು ಬೀಳುತ್ತದೆ. ಬಿರುಕಿನಿಂದ ಒಳಹೊಕ್ಕ ಮಳೆನೀರಿಗೆ ಆರಿ ಹೋಗಲು ದಾರಿಯಿಲ್ಲ. ಗೋಡೆಯ ಲವಣಗಳನ್ನು ಕರಗಿಸಿಕೊಂಡು ಇಟ್ಟಿಗೆಯನ್ನು ಒಳಗಿಂದ ಪುಡಿ ಮಾಡುತ್ತ, ಕೊನೆಗೆ ಸಿಮೆಂಟಿನ ಪದರವನ್ನು ಹಾಳೆಯಂತೆ ಕಳಚುತ್ತದೆ. ಹಳೆಯ ಗಾರೆ ಕೆಲಸ ಬಲ್ಲ ಮೇಸ್ತ್ರಿಗಳು ಸುಣ್ಣದ ಗೋಡೆಗೆ ಸುಣ್ಣವೇ ಆಗಬೇಕೆನ್ನುವುದು ಹಟದಿಂದಲ್ಲ. ಆ ಕೈಗಳು ಕಡಿಮೆಯಾಗುತ್ತಿರುವುದು, ಕಾಮಗಾರಿಯ ಟೆಂಡರಿನಲ್ಲಿ ಸಿಮೆಂಟಿನ ದರವೇ ಮುಂದೆ ಬರುವುದು ನಿಜವಾದ ಸಂಕಟ. ಲಾಲ್‌ಬಾಗಿನ ಹತ್ತೊಂಬತ್ತನೆಯ ಶತಮಾನದ ಕ್ರುಂಬಿಗಲ್ ಹಾಲ್ ಆರೈಕೆಯಿಲ್ಲದೆ ಶಿಥಿಲವಾಗಿ, 2017ರ ನವೆಂಬರಿನಲ್ಲಿ ನೆಲಸಮವಾಯಿತು. ಆ ವರ್ಷ ನಗರದಲ್ಲಿ ಸುಮಾರು 1,696 ಮಿ.ಮೀ. ಮಳೆಯಾಗಿತ್ತು, ವಾಡಿಕೆ ಸಾವಿರಕ್ಕೂ ಕಡಿಮೆ. ಮಳೆ ನೆಪ ಒದಗಿಸಿತು ಎನ್ನಬಹುದು, ಕಾರಣ ಒದಗಿಸಿತು ಎನ್ನಲಾಗದು.

ವಿಧಾನಸೌಧದ ಪ್ರಮಾಣವೇ ಬೇರೆ. 700 ಅಡಿ ಉದ್ದ, 350 ಅಡಿ ಅಗಲದ ಆ ನೆಲೆಯ ಮೇಲೆ 111 ಮಿ.ಮೀ. ಮಳೆ ಬಿದ್ದರೆ, ಒಳ ಅಂಗಳಗಳೂ ಸೇರಿ, 25 ಲಕ್ಷ ಲೀಟರು ನೀರು. ಕಲ್ಲಿಗೆ ಮಳೆಯಿಂದ ಏನೂ ಆಗುವುದಿಲ್ಲ. ತೊಂದರೆ ಬರುವುದು ಕೆಳಗಿನಿಂದ. 2022ರ ಸೆಪ್ಟೆಂಬರ್ ಮೊದಲ ವಾರ ಬೆಳ್ಳಂದೂರು, ಹೊರವರ್ತುಲ ರಸ್ತೆಯ ಐಟಿ ಕಚೇರಿಗಳು ಮುಳುಗಿದ ಮಳೆಯಲ್ಲೇ ವಿಧಾನಸೌಧದ ನೆಲಮಾಳಿಗೆಗೂ ನೀರು ನುಗ್ಗಿತು. ದಿಣ್ಣೆಯ ಮೇಲಿನ ಕಟ್ಟಡಕ್ಕೆ ನೆರೆ ಬರುವುದು ವಿಚಿತ್ರವೆನಿಸಬಹುದು. ಒಂದು ಕಾಲಕ್ಕೆ ಕಬ್ಬನ್ ಪಾರ್ಕಿನ ಇಳಿಜಾರಿನ ನೀರು ಸಂಪಂಗಿ ಕೆರೆಗೆ ಹರಿಯುತ್ತಿತ್ತು. ಆ ಕೆರೆಯ ಜಾಗದಲ್ಲಿ ಈಗ ಕಂಠೀರವ ಕ್ರೀಡಾಂಗಣವಿದೆ. ರಸ್ತೆ, ನಡುವಿನ ತಗ್ಗು, ವಾಹನ ನಿಲುಗಡೆ ಎಲ್ಲವೂ ಡಾಂಬರು, ಕಾಂಕ್ರೀಟು. ನೀರು ಇಂಗಲು ಜಾಗವಿಲ್ಲ. ಇದರ ಘೋರ ರೂಪವನ್ನು ನಗರ ಕಂಡದ್ದು 2023ರ ಮೇ 21ರಂದು. ವಿಧಾನಸೌಧ, ಹೈಕೋರ್ಟುಗಳಿಗೆ ನಡೆದು ಹೋಗುವಷ್ಟು ದೂರದ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ನಿಮಿಷಗಳಲ್ಲಿ ನೀರು ತುಂಬಿ, ಕಾರಿನಲ್ಲಿ ಸಿಕ್ಕಿಕೊಂಡ ಯುವತಿಯೊಬ್ಬರು ಪ್ರಾಣ ಕಳೆದುಕೊಂಡರು. ಐಟಿ ಕಂಪನಿಯೊಂದರ ಉದ್ಯೋಗಿ, ಮನೆಯವರೊಂದಿಗೆ ಊರು ನೋಡಲು ಹೊರಟಿದ್ದವರು.

ನೆಲಮಾಳಿಗೆ, ನೆಲಮಹಡಿಗಳಿಗೆ ನೀರು ಬಂದರೆ ಮೊದಲು ಹೋಗುವುದು ಕಾಗದ. ಹಳೆಯ ಕಚೇರಿಯ ಬೆಲೆ ಅರ್ಧ ಅದರ ಗೋಡೆಯಲ್ಲಿದ್ದರೆ ಇನ್ನರ್ಧ ಅದರ ಕಡತಗಳಲ್ಲಿ. ರಾಜ್ಯ ಪತ್ರಾಗಾರ ಇಲಾಖೆಯ ನೆಲೆಯೂ ವಿಧಾನಸೌಧವೇ. ನೆನೆದ ಕಾಗದಕ್ಕೆ ಬೂಷ್ಟು ಹಿಡಿಯಲು ಎರಡು ದಿನ ಸಾಕು. ಬಿಸಿಲಿಗೆ ಹರವುವುದು ತಪ್ಪು. ಹಾಳೆ ಸುರುಟುತ್ತದೆ, ಶಾಯಿ ಮಾಸುತ್ತದೆ. ನೆರಳಲ್ಲಿ, ಫ್ಯಾನಿನ ಗಾಳಿಯಲ್ಲಿ, ಹಾಳೆಗಳ ನಡುವೆ ಒತ್ತುಕಾಗದ ಇಟ್ಟು ಆರಿಸಬೇಕು. ಒಮ್ಮೆಲೇ ಆರಿಸಲಾಗದಷ್ಟು ರಾಶಿಯಿದ್ದರೆ ಶೈತ್ಯಾಗಾರದಲ್ಲಿ ಹೆಪ್ಪುಗಟ್ಟಿಸಿ, ಆಮೇಲೆ ಸ್ವಲ್ಪಸ್ವಲ್ಪವಾಗಿ ಬಿಡಿಸುವುದು ಜಗತ್ತಿನ ಪತ್ರಾಗಾರಗಳ ರೂಢಿ. ಕಪಾಟಿನ ಕೊನೆಯ ಹಲಗೆ ನೆಲದಿಂದ ಒಂದು ಗೇಣಾದರೂ ಮೇಲಿದ್ದರೆ ಈ ಪಾಡು ಬಹುಮಟ್ಟಿಗೆ ತಪ್ಪುತ್ತದೆ.

ಸಿಡಿಲಿನ ವಿಷಯ ಚಿಕ್ಕದು. ಗುಮ್ಮಟ, ಶಿಖರದ ತುದಿಯ ಮಿಂಚುಕಂಬಿಯಿಂದ ತಾಮ್ರ ಅಥವಾ ಕಬ್ಬಿಣದ ಪಟ್ಟಿ ನೆಲಕ್ಕೆ ಇಳಿದಿರಬೇಕು, ನಡುವೆ ಎಲ್ಲೂ ತುಂಡಾಗಿರಬಾರದು. ಮರೆತುಹೋಗುವುದು ಅರ್ಥಿಂಗ್ ಗುಂಡಿ. ಬೆಂಗಳೂರಿನ ಕೆಮ್ಮಣ್ಣು ಬೇಸಗೆಯಲ್ಲಿ ಒಣಗಿ ವಿದ್ಯುತ್ತಿಗೆ ದಾರಿ ಕೊಡುವುದಿಲ್ಲ. ಸಿಡಿಲು ಹೆಚ್ಚು ಬೀಳುವುದೂ ಅದೇ ಕಾಲದಲ್ಲಿ. ಗುಂಡಿಗೆ ನೀರು ಹಾಕುವುದು ಏಪ್ರಿಲಿನ ಕೆಲಸ. ಸಿಡಿಲಿನ ಮುನ್ಸೂಚನೆಗೆ ಯಲಹಂಕದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ‘ಸಿಡಿಲು’ ಆ್ಯಪ್ ರೂಪಿಸಿದೆ. ನಗರದ ಮಳೆಗೆ ಅದರದೇ ‘ಬೆಂಗಳೂರು ಮೇಘಸಂದೇಶ’ ಇದೆ.

ಕಟ್ಟಡ ಉಳಿಯುವುದಕ್ಕೆ ಕಾನೂನಿನ ಆಸರೆಯೂ ಬೇಕು. 1980ರ ದಶಕದಲ್ಲಿ ಅಠಾರಾ ಕಚೇರಿಯನ್ನೇ ಕೆಡವಿ ಹೊಸದು ಕಟ್ಟುವ ಪ್ರಸ್ತಾವ ಎದ್ದಿತ್ತು. ನಾಗರಿಕರು ಪ್ರತಿಭಟಿಸಿ ನ್ಯಾಯಾಲಯದ ಮೆಟ್ಟಿಲೇರಿದರು. ಪ್ರಸ್ತಾವ ಬಿದ್ದುಹೋಯಿತು, ಕಟ್ಟಡ ಉಳಿಯಿತು. ಕಬ್ಬನ್ ಪಾರ್ಕ್, ಲಾಲ್‌ಬಾಗುಗಳ ನೆಲಕ್ಕೆ 1975ರ ಉದ್ಯಾನ ಸಂರಕ್ಷಣಾ ಕಾಯ್ದೆಯ ಕಾವಲಿದೆ, ಮರಗಳಿಗೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಆದರೆ ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರಿದ ಮಾತ್ರಕ್ಕೆ ದೋಣಿಯ ಬಾಯಿಯ ಕಸ ತೆಗೆಯುವವರು ಬರುವುದಿಲ್ಲ. ಸಂರಕ್ಷಣೆಯ ಹಣ ಬಣ್ಣ, ದೀಪಾಲಂಕಾರಕ್ಕೆ ಮೊದಲು ಹೋಗಿ, ತಾರಸಿಗೆ ಕೊನೆಗೆ ಉಳಿಯುವುದು ಸರಿಯಲ್ಲ.

ಹಳೆಯ ಕಚೇರಿಯನ್ನು ಮಳೆಯಿಂದ ಉಳಿಸಿಕೊಳ್ಳುವ ಇದೇ ಪ್ರಶ್ನೆ ಈಗ ಹೊರವಲಯಕ್ಕೂ ಬರುತ್ತಿದೆ. ಜಾಲಹಳ್ಳಿಯ ಎಚ್‌ಎಂಟಿ 1953ರಲ್ಲಿ ಶುರುವಾದದ್ದು. ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆದದ್ದು 1970ರ ದಶಕದಿಂದ. ಈ ತಲೆಮಾರಿನ ಆಡಳಿತ ಕಚೇರಿಗಳೂ ಐವತ್ತು, ಎಪ್ಪತ್ತು ಮಳೆಗಾಲ ಕಂಡಿವೆ. ಇವು ಸುಣ್ಣದವಲ್ಲ, ಆರ್‌ಸಿಸಿ ತಾರಸಿಯವು. ಹೊಸ ಕಾಂಕ್ರೀಟಿನ ಕ್ಷಾರಗುಣ ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ಕಾಯುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ವರ್ಷ ಕಳೆದಂತೆ ಒಳಕ್ಕೆ ಇಳಿದು ಆ ಗುಣವನ್ನು ತಗ್ಗಿಸುತ್ತದೆ. ಆಮೇಲೆ ನಿಂತ ಮಳೆನೀರು ಕಬ್ಬಿಣ ಮುಟ್ಟಿದರೆ ತುಕ್ಕು ಶುರು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ, ಅದರ ಒತ್ತಡಕ್ಕೆ ಕಾಂಕ್ರೀಟಿನ ತಳಪದರ ಹೋಳುಹೋಳಾಗಿ ಉದುರುತ್ತದೆ. ಸಜ್ಜೆಯ ಅಡಿಯಲ್ಲಿ ಕಂದು ಗೆರೆ, ಮಹಡಿಯ ಅಡಿಭಾಗದಲ್ಲಿ ಉಬ್ಬು, ತಟ್ಟಿದರೆ ಪೊಳ್ಳು ಸದ್ದು ಇದರ ಮೊದಲ ಗುರುತುಗಳು. ಆ ಹಂತದಲ್ಲೇ ಸಡಿಲ ಕಾಂಕ್ರೀಟು ಬಿಡಿಸಿ, ಕಬ್ಬಿಣ ಉಜ್ಜಿ ಲೇಪ ಹಚ್ಚಿ, ಹೊಸ ಗಾರೆ ತುಂಬಿ, ತಾರಸಿಯ ವಾಟ ಸರಿಮಾಡಿದರೆ ಕಟ್ಟಡ ಮತ್ತೆ ದಶಕಗಳ ಕಾಲ ಬಾಳುತ್ತದೆ. ಸಲಾಕೆಯ ಗಾತ್ರ ತೆಳುವಾದ ಮೇಲೆ ಆಸರೆ ಕಂಬ ಕೊಟ್ಟು ಮಹಡಿಯನ್ನೇ ಬದಲಿಸಬೇಕಾಗುತ್ತದೆ.